ಮನೆಯಲ್ಲಿ ಕಟ್ಟುವ ಸ್ಪೋರ್ಟ್ಸ್ ಕಾರಿನ ಚಾಲನಾ ಸಾಧನಗಳು

ಸ್ಟೀರಿಂಗ್ ಚಕ್ರ, ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಪೆಡಲುಗಳು, ಗೇರ್ ಲಿವರ್, ಹ್ಯಾಂಡ್‌ಬ್ರೇಕ್, ಸ್ವಿಚ್ಚುಗಳು: ಚಾಲಕರು ಕೈಕಾಲಿನಿಂದ ಮುಟ್ಟಿ ಕಾರನ್ನು ನಡೆಸುವ ಇವೆಲ್ಲವನ್ನೂ ಒಟ್ಟಾಗಿ ಚಾಲನಾ ಸಾಧನಗಳು ಎನ್ನಬಹುದು. ಕಾರ್ಖಾನೆಯ ಕಾರಿನಲ್ಲಿ ಇವುಗಳ ಜಾಗ, ಎತ್ತರ, ಒತ್ತಬೇಕಾದ ಬಲ ಎಲ್ಲವನ್ನೂ ಇಂಜಿನಿಯರುಗಳ ತಂಡವೊಂದು ವರ್ಷಗಟ್ಟಲೆ ಅಳೆದು ತೂಗಿ ನಿರ್ಧರಿಸಿರುತ್ತದೆ. ಮನೆಯ ಶೆಡ್ಡಿನಲ್ಲಿ ಕಾರು ಕಟ್ಟುವವರ ಪಾಲಿಗೆ ಆ ಇಡೀ ಕೆಲಸ ಒಬ್ಬರ ತಲೆಯ ಮೇಲೆ ಬೀಳುತ್ತದೆ. ಇಂಜಿನ್, ಸಸ್ಪೆನ್ಷನ್, ಬಾಡಿ ಇವುಗಳ ಮೇಲೆಯೇ ಮನಸ್ಸು ನೆಟ್ಟು, ಕೊನೆಗೆ ಉಳಿದ ಜಾಗದಲ್ಲಿ ಪೆಡಲುಗಳನ್ನು ತುರುಕುವುದು ಈ ಹವ್ಯಾಸದಲ್ಲಿ ಮತ್ತೆ ಮತ್ತೆ ಕಾಣುವ ರೂಢಿ. ಇದು ತಿರುಗುಮುರುಗಾಗಬೇಕು. ಚಾಲಕರ ಸೊಂಟ ಎಲ್ಲಿ ಕೂರುತ್ತದೆ, ಬಲಗಾಲಿನ ಹಿಮ್ಮಡಿ ಎಲ್ಲಿ ಊರುತ್ತದೆ ಎಂಬುದು ಚಾಸಿಯ ಮೊದಲ ಕೊಳವೆ ಕತ್ತರಿಸುವ ಮುಂಚೆಯೇ ತೀರ್ಮಾನವಾಗಿರಬೇಕು.

ಈ ಲೇಖನ ಮುಖ್ಯವಾಗಿ ಬ್ರಿಟನ್ನಿನ ಲೋಟಸ್ ಸೆವೆನ್ ಮಾದರಿಯ ಕಾರುಗಳನ್ನು ಕುರಿತದ್ದು. ತೆರೆದ ಮೈ, ಎರಡೇ ಆಸನ, ಮುಂದೆ ಇಂಜಿನ್, ಹಿಂಚಕ್ರಗಳಿಗೆ ಚಾಲನೆ ಇರುವ ಈ ವಿನ್ಯಾಸ ಹವ್ಯಾಸಿಗಳು ಅತಿ ಹೆಚ್ಚು ಅನುಕರಿಸಿದ ವಿನ್ಯಾಸಗಳಲ್ಲಿ ಒಂದು.

ಹಿನ್ನೆಲೆ

ಇಂದು ಎಲ್ಲ ಕಾರುಗಳಲ್ಲೂ ಒಂದೇ ಕ್ರಮದಲ್ಲಿರುವ ಪೆಡಲುಗಳು ಮೊದಲಿನಿಂದ ಹಾಗಿರಲಿಲ್ಲ. ಮೊದಮೊದಲ ಮೋಟಾರು ಗಾಡಿಗಳನ್ನು ದೋಣಿಯ ಚುಕ್ಕಾಣಿಯಂಥ ಕೋಲಿನಿಂದ ತಿರುಗಿಸುತ್ತಿದ್ದರು. 1894ರ ಪ್ಯಾರಿಸ್–ರೂಆನ್ ಓಟದಲ್ಲಿ ಆಲ್ಫ್ರೆಡ್ ವಾಶೆರೋನ್ ತನ್ನ ಪನಾರ್ ಕಾರಿಗೆ ಗುಂಡನೆಯ ಸ್ಟೀರಿಂಗ್ ಚಕ್ರ ಹಾಕಿಕೊಂಡು ಬಂದದ್ದು ದಾಖಲಾಗಿದೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮೂರು ಪೆಡಲುಗಳಿದ್ದವು ನಿಜ; ಆದರೆ ಎಡದ್ದು ಗೇರಿಗೆ, ನಡುವಿನದು ಹಿಂದಕ್ಕೆ ಚಲಿಸಲು, ಬಲದ್ದು ಬ್ರೇಕಿಗೆ. ಇಂಜಿನ್ನಿನ ವೇಗವನ್ನು ಸ್ಟೀರಿಂಗ್ ಕಂಬದ ಮೇಲಿನ ಒಂದು ಕೈ ಲಿವರಿನಿಂದ ಹೆಚ್ಚಿಸಬೇಕಿತ್ತು. ಈಗಿನ ಕ್ಲಚ್–ಬ್ರೇಕ್–ಆಕ್ಸಿಲರೇಟರ್ ಕ್ರಮ ಮತ್ತು ನಡುವೆ ಗೇರ್ ಲಿವರ್ ಇರುವ ವ್ಯವಸ್ಥೆಯ ಮೊದಲ ಕಾರೆಂದು 1916ರ ಕ್ಯಾಡಿಲ್ಯಾಕ್ ಟೈಪ್ 53ನ್ನು ಸಾಮಾನ್ಯವಾಗಿ ಹೆಸರಿಸುತ್ತಾರೆ. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಅದನ್ನು ಬ್ರಿಟನ್ನಿನಲ್ಲಿ ಮನೆಮಾತಾಗಿಸಿತು. ಹಾಗಿದ್ದೂ ಓಟದ ಕಾರುಗಳಲ್ಲಿ ಆಕ್ಸಿಲರೇಟರನ್ನು ನಡುವೆ ಇಡುವ ಪದ್ಧತಿ 1950ರ ದಶಕದವರೆಗೂ ಉಳಿದಿತ್ತು. ಮಾಸೆರಾಟಿ 250ಎಫ್ ಅದಕ್ಕೆ ಹೆಸರಾಂತ ನಿದರ್ಶನ. ಮನೆಯಲ್ಲಿ ಕಟ್ಟುವವರು ಈ ಚರಿತ್ರೆಯಿಂದ ಸ್ಫೂರ್ತಿ ಪಡೆದು ಕ್ರಮ ಬದಲಿಸಹೊರಡುವುದು ಮಾತ್ರ ಅಪಾಯಕಾರಿ. ಗಾಬರಿಯ ಗಳಿಗೆಯಲ್ಲಿ ಕಾಲು ಯೋಚಿಸುವುದಿಲ್ಲ, ಅಭ್ಯಾಸವಾದ ಕಡೆಗೆ ಹೋಗುತ್ತದೆ.

ಕಾಲಿನ್ ಚಾಪ್ಮನ್ ತನ್ನ ಮೊದಲ ಕಾರನ್ನು ಕಟ್ಟಿದ್ದು 1948ರಲ್ಲಿ, ಒಂದು ಹಳೆಯ ಆಸ್ಟಿನ್ ಸೆವೆನ್ನಿನಿಂದ. ಅವನ ಕಂಪನಿ 1957ರಲ್ಲಿ ಲೋಟಸ್ ಸೆವೆನ್ ಹೊರತಂದಿತು. ಬಿಡಿಭಾಗಗಳ ಕಿಟ್ಟಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಬ್ರಿಟನ್ನಿನ ಖರೀದಿ ತೆರಿಗೆ ತಗಲುತ್ತಿರಲಿಲ್ಲ. ಈ ಅನುಕೂಲದಿಂದ ಅಲ್ಲಿ ಒಂದು ಇಡೀ ಪೀಳಿಗೆ ಮನೆಯಲ್ಲಿ ಕಾರು ಜೋಡಿಸುವುದನ್ನು ಕಲಿಯಿತು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಸಂದಿತು. 1996ರಲ್ಲಿ ರಾನ್ ಚಾಂಪಿಯನ್ ಬರೆದು ಹೇನ್ಸ್ ಪ್ರಕಾಶನ ಹೊರತಂದ ಪುಸ್ತಕ ಇನ್ನೊಂದು ತಿರುವು. 250 ಪೌಂಡಿನಷ್ಟು ಕಡಿಮೆ ಹಣದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಅದರ ಹೆಸರೇ ಸಾರುತ್ತಿತ್ತು. ಚೌಕಾಕಾರದ ಉಕ್ಕಿನ ಕೊಳವೆಗಳಿಂದ ಚಾಸಿ, ಗುಜರಿ ಸೇರಬೇಕಿದ್ದ ಫೋರ್ಡ್ ಎಸ್ಕಾರ್ಟಿನಿಂದ ಇಂಜಿನ್, ಆಕ್ಸಲ್, ಸ್ಟೀರಿಂಗ್. ‘ಲೋಕಾಸ್ಟ್’ ಎಂಬ ಹೆಸರಿನಿಂದ ಆ ವಿನ್ಯಾಸ ಆಸ್ಟ್ರೇಲಿಯಾ, ಅಮೆರಿಕ, ನ್ಯೂಜಿಲೆಂಡ್‌ಗಳಿಗೂ ಹರಡಿತು. ಹೀಗೆ ಬೇರೆ ಕಾರಿನ, ಅಂದರೆ ‘ದಾನಿ ಕಾರಿನ’, ಭಾಗಗಳನ್ನು ತಂದು ಹೊಂದಿಸುವುದರಲ್ಲೇ ಚಾಲನಾ ಸಾಧನಗಳ ತೊಡಕು ಹುಟ್ಟುವುದು. ಎಸ್ಕಾರ್ಟಿನ ಅಗಲವಾದ ಒಳಾಂಗಣಕ್ಕೆಂದು ಮಾಡಿದ ಪೆಡಲುಗಳು ಸೆವೆನ್ನಿನ ಇಕ್ಕಟ್ಟಾದ ಕಾಲುಗೂಡಿನಲ್ಲಿ ಹಿಡಿಯುವುದೇ ಇಲ್ಲ.

ಆಸನ ಮೊದಲು

ಎಲ್ಲ ಅಳತೆಗಳಿಗೂ ಮೂಲಬಿಂದು ಚಾಲಕರ ಸೊಂಟದ ಕೀಲು. ಸೆವೆನ್ ಮಾದರಿಯಲ್ಲಿ ಆಸನ ನೆಲಕ್ಕೆ ಬಹುತೇಕ ಅಂಟಿಕೊಂಡಿದ್ದು, ಕಾಲುಗಳು ನೇರವಾಗಿ ಮುಂದಕ್ಕೆ ಚಾಚಿರುತ್ತವೆ. ಮಾಮೂಲಿ ಕಾರಿನಲ್ಲಿ ಕುರ್ಚಿಯ ಮೇಲೆ ಕೂತಂತೆ ಕೂತು ಪೆಡಲನ್ನು ಕೆಳಮುಖವಾಗಿ ತುಳಿದರೆ, ಇಲ್ಲಿ ಅದನ್ನು ಮುಂದಕ್ಕೆ ತಳ್ಳಬೇಕು. ಆದ್ದರಿಂದ ಹಳೆಯ ಕಾರಿನಿಂದ ತೆಗೆದ ಪೆಡಲಿನ ಕೋನವೂ ಎತ್ತರವೂ ಇಲ್ಲಿ ಹೊಂದುವುದಿಲ್ಲ.

ಲೆಕ್ಕಕ್ಕಿಂತ ಮುಂಚೆ ಪ್ಲೈವುಡ್ಡು, ರಟ್ಟು, ಮರದ ಪಟ್ಟಿಗಳಿಂದ ನಿಜ ಅಳತೆಯ ಮಾದರಿಯೊಂದನ್ನು ನೆಲದ ಮೇಲೆ ಕಟ್ಟಿ, ಅದರಲ್ಲಿ ಕೂತು ನೋಡುವುದು ಅನುಭವಿಗಳೆಲ್ಲ ಒಪ್ಪುವ ದಾರಿ. ಐದು ನಿಮಿಷ ಕೂತರೆ ಸಾಲದು. ಅರ್ಧ ಗಂಟೆಯಾದರೂ ಕೂರಬೇಕು, ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಕೂರಬೇಕು, ಹೆಲ್ಮೆಟ್ ಧರಿಸುವವರು ಅದನ್ನೂ ಧರಿಸಬೇಕು. ಬೆನ್ನು ಆಸನಕ್ಕೆ ಪೂರ್ತಿ ಒರಗಿದ್ದಾಗಲೇ ಚಾಚಿದ ಕೈಯ ಮಣಿಕಟ್ಟು ಸ್ಟೀರಿಂಗ್ ಚಕ್ರದ ನೆತ್ತಿಗೆ ತಾಗಬೇಕು. ಆಗ ಚಕ್ರವನ್ನು ಎರಡೂ ಪಕ್ಕದಲ್ಲಿ ಹಿಡಿದರೆ ಮೊಣಕೈ ಸಾಕಷ್ಟು ಮಡಿದಿರುತ್ತದೆ. ಕ್ಲಚ್ಚನ್ನು ಕೊನೆಯವರೆಗೆ ಒತ್ತಿದಾಗಲೂ ಮೊಣಕಾಲಿನಲ್ಲಿ ತುಸು ಮಡಿಕೆ ಉಳಿಯಬೇಕು. ಕಾಲು ಪೂರ್ತಿ ನೆಟ್ಟಗಾದರೆ ಬಲವೂ ಹೋಗುತ್ತದೆ, ಡಿಕ್ಕಿಯಾದಾಗ ಪೆಟ್ಟು ನೇರವಾಗಿ ಸೊಂಟಕ್ಕೆ ಬರುತ್ತದೆ. ಮೊಣಕಾಲು ಎತ್ತಿದಾಗ ಚಕ್ರದ ಕೆಳ ಅಂಚಿಗೋ ಡ್ಯಾಶ್‌ಬೋರ್ಡಿನ ತಳಕ್ಕೋ ಬಡಿಯುತ್ತದೆಯೇ ಎಂಬುದೂ ಈ ಹಂತದಲ್ಲೇ ಗೊತ್ತಾಗುತ್ತದೆ. ರಟ್ಟನ್ನು ಕತ್ತರಿಸಿ ಸರಿಪಡಿಸಲು ಒಂದು ಬ್ಲೇಡು ಸಾಕು. ಅದೇ ತಪ್ಪು ವೆಲ್ಡಾದ ಚಾಸಿಯಲ್ಲಿ ಕಂಡರೆ ಹಲವು ವಾರಗಳ ಕೆಲಸ ಕೆಡುತ್ತದೆ.

ಒಬ್ಬರಿಗಾಗಿಯೇ ಕಟ್ಟುವ ಕಾರಾದರೆ ಆ ಒಬ್ಬರ ಮೈಯಳತೆ ಸಾಕು. ಮನೆಯಲ್ಲಿ ಇನ್ನೊಬ್ಬರೂ ಓಡಿಸುವುದಾದರೆ ಏನನ್ನು ಸರಿಸುವುದು ಎಂಬ ಪ್ರಶ್ನೆ ಬರುತ್ತದೆ. ಆಸನವನ್ನು ಸರಿಯುವಂತೆ ಹಳಿಯ ಮೇಲೆ ಕೂರಿಸಿದರೆ ಎತ್ತರ ಕೆಲವು ಸೆಂಟಿಮೀಟರ್ ಏರುತ್ತದೆ. ಸೆವೆನ್‌ನಂಥ ತಗ್ಗು ಕಾರಿನಲ್ಲಿ ಅಷ್ಟು ಬಿಟ್ಟುಕೊಡಲು ಜಾಗವಿರುವುದಿಲ್ಲ. ಪೆಡಲುಗಳ ಇಡೀ ಪೆಟ್ಟಿಗೆಯನ್ನು ಹಿಂದೆ ಮುಂದೆ ಸರಿಸುವಂತೆ ಮಾಡುವುದು ಇನ್ನೊಂದು ದಾರಿ. ಫಾರ್ಮುಲಾ ಎಸ್ಎಇ ವಿದ್ಯಾರ್ಥಿ ಸ್ಪರ್ಧೆಯ ತಂಡಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಇದು, ಏಕೆಂದರೆ ಒಂದೇ ಕಾರು ತೀರ ಕಡಿಮೆ ಎತ್ತರದ ಹೆಣ್ಣುಮಗಳಿಂದ ಹಿಡಿದು ತೀರ ಎತ್ತರದ ಗಂಡಾಳಿನವರೆಗೆ ಹೊಂದಬೇಕೆಂದು ಆ ಸ್ಪರ್ಧೆ ಬಯಸುತ್ತದೆ. ಎತ್ತರದವರಿಗಾಗಿ ಅದು ಒಂದು ಅಚ್ಚನ್ನೇ ಗೊತ್ತುಮಾಡಿದೆ: ಸೊಂಟಕ್ಕೂ ಭುಜಕ್ಕೂ 200 ಮಿ.ಮೀ. ವ್ಯಾಸದ ಒಂದೊಂದು ವೃತ್ತ, ಹೆಲ್ಮೆಟ್ ತೊಟ್ಟ ತಲೆಗೆ 300 ಮಿ.ಮೀ. ವೃತ್ತ, ಸೊಂಟದ ವೃತ್ತ ಪೆಡಲಿನಿಂದ ಕನಿಷ್ಠ 915 ಮಿ.ಮೀ. ದೂರ. ಮನೆಯಲ್ಲಿ ಕಟ್ಟುವವರೂ ಈ ಅಚ್ಚನ್ನು ಗಟ್ಟಿ ರಟ್ಟಿನಲ್ಲಿ ಕತ್ತರಿಸಿಕೊಂಡು ತಮ್ಮ ನಕ್ಷೆಯ ಮೇಲಿಟ್ಟು ನೋಡಬಹುದು.

ಬ್ರೇಕ್ ಪೆಡಲ್

ಕಾರಿನ ಒಟ್ಟು ಸಾಧನಗಳಲ್ಲಿ ಅತ್ಯಂತ ಎಚ್ಚರ ಬೇಡುವುದು ಇದು. ಇಂಥ ಹಗುರ ಕಾರುಗಳಲ್ಲಿ ಇಂಜಿನ್ನಿನ ನಿರ್ವಾತದಿಂದ ನಡೆಯುವ ಸರ್ವೊ ಸಹಾಯ ಹೆಚ್ಚಾಗಿ ಇರುವುದಿಲ್ಲ. ಕಾಲಿನ ಬಲವನ್ನು ಹಿಗ್ಗಿಸುವ ಕೆಲಸವನ್ನು ಸನ್ನೆ ಮತ್ತು ಎಣ್ಣೆಯ ಒತ್ತಡ ಎರಡೇ ಸೇರಿ ಮಾಡಬೇಕು. ತಿರುಗುವ ಬೋಲ್ಟಿನಿಂದ ಪಾದದ ಮೆಟ್ಟಿಗೆ ಇರುವ ದೂರವನ್ನು, ಅದೇ ಬೋಲ್ಟಿನಿಂದ ಮಾಸ್ಟರ್ ಸಿಲಿಂಡರಿನ ಕಡ್ಡಿಗೆ ಇರುವ ದೂರದಿಂದ ಭಾಗಿಸಿದರೆ ಬರುವುದು ಪೆಡಲ್ ಅನುಪಾತ. ಸರ್ವೊ ಇಲ್ಲದ ಕಾರಿಗೆ ಇದು ಸಾಮಾನ್ಯವಾಗಿ 4ರಿಂದ 6ರ ನಡುವೆ ಇರುತ್ತದೆ.

ಒಂದು ಲೆಕ್ಕ ನೋಡೋಣ. ಚಾಲಕರು 400 ನ್ಯೂಟನ್ ಬಲದಿಂದ, ಅಂದರೆ ಸುಮಾರು 40 ಕಿಲೊ ತೂಕದಷ್ಟು, ಒತ್ತುತ್ತಾರೆ ಎನ್ನಿ. ಅನುಪಾತ 5 ಆದರೆ ಕಡ್ಡಿಗಳ ಮೇಲೆ ಬೀಳುವ ಬಲ 2,000 ನ್ಯೂಟನ್. ಮುಂದಿನ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಮಾಸ್ಟರ್ ಸಿಲಿಂಡರುಗಳಿದ್ದು ಬಲ ಸಮನಾಗಿ ಹಂಚಿದರೆ ಒಂದೊಂದಕ್ಕೆ 1,000 ನ್ಯೂಟನ್. ಸಿಲಿಂಡರಿನ ಒಳವ್ಯಾಸ 0.75 ಅಂಗುಲವಾದರೆ ಎಣ್ಣೆಯ ಒತ್ತಡ ಸುಮಾರು 35 ಬಾರ್, 0.70 ಆದರೆ 40 ಬಾರ್, 0.625 ಆದರೆ 50 ಬಾರ್. ಸಿಲಿಂಡರ್ ಸಣ್ಣದಾದಷ್ಟೂ ಒತ್ತಡ ಹೆಚ್ಚು. ಈ ಲಾಭ ಪುಕ್ಕಟೆ ಬರುವುದಿಲ್ಲ: ಅಷ್ಟೇ ಎಣ್ಣೆಯನ್ನು ತಳ್ಳಲು ಸಣ್ಣ ಸಿಲಿಂಡರಿನ ಪಿಸ್ಟನ್ ಹೆಚ್ಚು ದೂರ ಹೋಗಬೇಕು. ಪಿಸ್ಟನ್ 10 ಮಿ.ಮೀ. ಹೋದರೆ ಪೆಡಲ್ 50 ಮಿ.ಮೀ. ಹೋಗುತ್ತದೆ. ಬ್ರೇಕ್ ‘ಗಟ್ಟಿ ಇದೆ, ಹಿಡಿಯುತ್ತಿಲ್ಲ’ ಎಂದವರು ಸಿಲಿಂಡರ್ ಸಣ್ಣದು ಮಾಡಬೇಕು, ‘ಮೆತ್ತಗೆ ಒಳಗೆ ಹೋಗುತ್ತದೆ’ ಎಂದವರು ಮೊದಲು ಕೊಳವೆಯ ಗಾಳಿ ತೆಗೆದು, ಆಮೇಲೆ ಸಿಲಿಂಡರ್ ದೊಡ್ಡದು ಮಾಡಬೇಕು. ವಿಶ್ವಸಂಸ್ಥೆಯ 13-ಎಚ್ ನಿಯಮ ಪ್ರಯಾಣಿಕರ ಕಾರಿಗೆ ವಿಧಿಸುವ ಮಿತಿಯನ್ನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳಬಹುದು: 500 ನ್ಯೂಟನ್ ಮೀರದ ಕಾಲ್ಬಲದಲ್ಲಿ ವೇಗ ಪ್ರತಿ ಸೆಕೆಂಡಿಗೆ ಕನಿಷ್ಠ 6.43 ಮೀ./ಸೆ.ನಷ್ಟು ಇಳಿಯಬೇಕು.

ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಹಂಚಿಕೆ ಇನ್ನೂ ಸೂಕ್ಷ್ಮ. ಚಾಲಕರೂ ಸೇರಿ 650 ಕಿಲೊ ತೂಗುವ, ಮುಂದೆ ಹಿಂದೆ ಸಮತೂಕವಿರುವ, ಗುರುತ್ವಕೇಂದ್ರ ನೆಲದಿಂದ 0.45 ಮೀಟರ್ ಮೇಲಿರುವ, ಚಕ್ರಾಂತರ 2.25 ಮೀಟರ್ ಇರುವ ಕಾರನ್ನು ಗಮನಿಸಿ. ಗುರುತ್ವದ 0.9ರಷ್ಟು ಬಿರುಸಿನಿಂದ ಬ್ರೇಕ್ ಹಾಕಿದರೆ 117 ಕಿಲೊದಷ್ಟು ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಆಗ ಮುಂಚಕ್ರಗಳ ಮೇಲೆ ಶೇ. 68, ಹಿಂಚಕ್ರಗಳ ಮೇಲೆ ಶೇ. 32. ಬ್ರೇಕ್ ಬಲವೂ ಹೆಚ್ಚುಕಮ್ಮಿ ಇದೇ ಪ್ರಮಾಣದಲ್ಲಿ ಹಂಚಿಕೆಯಾಗಬೇಕು, ಸ್ವಲ್ಪ ಮುಂದಕ್ಕೆ ವಾಲಿದ್ದರೆ ಒಳ್ಳೆಯದು. ಹಿಂಚಕ್ರಗಳು ಮೊದಲು ಕಚ್ಚಿ ನಿಂತರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಮುಂಚಕ್ರಗಳು ಮೊದಲು ನಿಂತರೆ ಕಾರು ತಿರುವಿಗೆ ಬಾರದೆ ನೇರ ಹೋಗುತ್ತದೆ. ಅದೂ ಕೆಟ್ಟದ್ದೇ, ಆದರೂ ಚಾಲಕರ ಅಂಕೆಗೆ ಸಿಗುವ ಕೆಡುಕು. ದಾನಿ ಕಾರಿನ ಮುಂದಿನ ಹಿಂದಿನ ಬ್ರೇಕುಗಳನ್ನು ಹಾಗೆಯೇ ತಂದು ಹಾಕಿದರೆ ಈ ಹಂಚಿಕೆ ತಾನಾಗಿ ಸರಿಯಾಗುವುದಿಲ್ಲ. ಆ ಕಾರಿನ ತೂಕ, ಎತ್ತರ, ಚಕ್ರಾಂತರ ಎಲ್ಲವೂ ಬೇರೆ.

ಹಂಚಿಕೆ ಹೊಂದಿಸಲು ಓಟದ ಕಾರುಗಳಿಂದ ಬಂದ ಉಪಾಯ ಬ್ಯಾಲೆನ್ಸ್ ಬಾರ್. ಪೆಡಲಿಗೆ ಅಡ್ಡವಾಗಿ ಒಂದು ದಂಡ, ಅದರ ಎರಡು ತುದಿಗೆ ಎರಡು ಸಿಲಿಂಡರುಗಳ ಕಡ್ಡಿ, ನಡುವೆ ಪೆಡಲಿನೊಳಗೆ ಕೂತ ಗುಂಡು ಬೇರಿಂಗ್. ದಂಡವನ್ನು ತಿರುಗಿಸಿ ಬೇರಿಂಗನ್ನು ಯಾವ ಕಡ್ಡಿಯ ಹತ್ತಿರ ತಂದರೆ ಆ ಕಡೆಗೆ ಹೆಚ್ಚು ಬಲ. ಜೋಡಿಸುವಾಗ ಕಣ್ಣಿಡಬೇಕಾದದ್ದು ಎರಡು ವಿಷಯಕ್ಕೆ. ಗಟ್ಟಿಯಾಗಿ ಬ್ರೇಕ್ ಒತ್ತಿದ ಸ್ಥಿತಿಯಲ್ಲಿ ದಂಡ ಕಡ್ಡಿಗಳಿಗೆ ಲಂಬವಾಗಿ ನಿಲ್ಲಬೇಕು. ಒಂದು ಕಡೆಯ ಎಣ್ಣೆ ಸೋರಿ ಹೋದರೆ ದಂಡ ಓರೆಯಾಗಿ ಸಿಕ್ಕಿಕೊಳ್ಳದೆ ಇನ್ನೊಂದು ಸಿಲಿಂಡರನ್ನು ಒತ್ತುವಷ್ಟು ಮಾತ್ರ ಸಂದಿ ಇರಬೇಕು. ಎರಡು ಪ್ರತ್ಯೇಕ ಸರ್ಕಿಟ್ಟುಗಳ ಉದ್ದೇಶವೇ ಒಂದು ಕೆಟ್ಟರೆ ಇನ್ನೊಂದು ಉಳಿಯಲಿ ಎಂಬುದು. ಜೋಡಣೆ ತಪ್ಪಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ರಸ್ತೆಗಿಳಿಯುವ ಕಾರಿನಲ್ಲಿ ಹೊಂದಿಸಿದ ಬಾರನ್ನು ಮತ್ತೆ ಅಲುಗದಂತೆ ಬಿಗಿದುಬಿಡಬೇಕು. ಮನೆಕಟ್ಟಿನ ಕಾರುಗಳಿಗೆ ಬ್ರಿಟನ್ನಿನಲ್ಲಿರುವ ತಪಾಸಣೆಯೂ ಅದನ್ನೇ ಕೇಳುತ್ತದೆ. ಓಡಿಸುತ್ತಲೇ ತಿರುಪುವ ಗುಂಡಿ ಡ್ಯಾಶ್‌ಬೋರ್ಡಿನ ಮೇಲೆ ಸೊಗಸಾಗಿ ಕಾಣಬಹುದು, ಅದರ ಜಾಗ ಮಾತ್ರ ರೇಸ್ ಟ್ರ್ಯಾಕು.

ಲೆಕ್ಕವೆಲ್ಲ ಸರಿಯಾದ ಮೇಲೂ ಅನೇಕ ಮನೆಕಟ್ಟಿನ ಕಾರುಗಳಲ್ಲಿ ಪೆಡಲ್ ಸ್ಪಂಜಿನಂತೆ ಮೆತ್ತಗಿರುವುದಕ್ಕೆ ಕಾರಣ ಪೆಡಲ್ ಕೂತ ಜಾಗವೇ ಬಾಗುವುದು. ಫಾರ್ಮುಲಾ ಎಸ್ಎಇ ನಿಯಮದ ಪ್ರಕಾರ ಬ್ರೇಕ್ ಪೆಡಲ್ 2,000 ನ್ಯೂಟನ್ ಬಲವನ್ನು ಮುರಿಯದೆ ತಾಳಬೇಕು. ಹೆದರಿದ ಮನುಷ್ಯ ಎರಡೂ ಭುಜ ಒರಗಿಸಿ ಒದೆಯುವಾಗ ಅಷ್ಟು ಬಲ ಬರುವುದು ಅಸಾಧ್ಯವೇನಲ್ಲ. ಅನುಪಾತ 5 ಇದ್ದರೆ ಆಗ ಸಿಲಿಂಡರುಗಳ ಮೇಲೆ 10,000 ನ್ಯೂಟನ್, ಅಂದರೆ ಒಂದು ಟನ್ ಭಾರ. ಆ ಸಿಲಿಂಡರುಗಳನ್ನು ಬರೀ ತಗಡಿನ ಗೋಡೆಗೆ ಬೋಲ್ಟು ಮಾಡಿದ್ದರೆ ತಗಡು ಮುಂದಕ್ಕೆ ಉಬ್ಬುತ್ತದೆ, ಕಾಲಿನ ಬಲದ ಒಂದು ಪಾಲು ಬ್ರೇಕಿಗೆ ಹೋಗದೆ ಅದನ್ನು ಬಗ್ಗಿಸುವುದರಲ್ಲೇ ಮುಗಿಯುತ್ತದೆ, ದಿನಗಳೆದಂತೆ ತೂತಿನ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ಪೆಡಲಿನ ಬೋಲ್ಟು ಮತ್ತು ಸಿಲಿಂಡರು ಎರಡೂ ಒಂದೇ ಗಟ್ಟಿ ಪೆಟ್ಟಿಗೆಯಲ್ಲಿ ಕೂತು, ಆ ಪೆಟ್ಟಿಗೆ ಚಾಸಿಯ ಕೊಳವೆಗಳಿಗೆ ನೇರವಾಗಿ ಬೆಸೆದಿರಬೇಕು. ಲೋಕಾಸ್ಟ್ ಚಾಸಿಯ ಕೊಳವೆ 25 ಮಿ.ಮೀ. ಚೌಕದ, 1.6 ಮಿ.ಮೀ. ದಪ್ಪದ್ದು, ಅದರ ನಟ್ಟನಡುವೆ ಭಾರ ಹಾಕುವುದಕ್ಕಿಂತ ಕೊಳವೆಗಳು ಸೇರುವ ಮೂಲೆಗೆ ಭಾರ ತಲುಪಿಸಬೇಕು. ಪರೀಕ್ಷೆ ಸುಲಭ. ಒಬ್ಬರು ಕೂತು ಜೀವ ಬಿಟ್ಟು ಪೆಡಲ್ ಒತ್ತಲಿ, ಇನ್ನೊಬ್ಬರು ಬಾನೆಟ್ ತೆಗೆದು ಸಿಲಿಂಡರಿನ ಬುಡ ನೋಡಲಿ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಇನ್ನಷ್ಟು ಬಲಪಡಿಸಬೇಕು.

ಉಳಿದ ಎರಡು ಪೆಡಲುಗಳು, ಮತ್ತು ಅಗಲದ ಜಗಳ

ಸೆವೆನ್ ಮಾದರಿಯ ಕಾಲುಗೂಡು ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ಒಂದು ಪಕ್ಕದಲ್ಲಿ ಗೇರ್‌ಬಾಕ್ಸಿನ ಸುರಂಗ, ಇನ್ನೊಂದು ಪಕ್ಕದಲ್ಲಿ ಚಾಸಿಯ ಕೊಳವೆ. ವಯಸ್ಕರ ಶೂ 100 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಅಗಲವಿರುವಾಗ ಮೂರು ಪೆಡಲುಗಳನ್ನು ಇಲ್ಲಿ ಹಿಡಿಸುವುದೇ ಕಷ್ಟ. ಎಡಗಾಲು ಇಟ್ಟುಕೊಳ್ಳಲು ಜಾಗ ಉಳಿದರೆ ಅದೃಷ್ಟ. ಕ್ಲಚ್ಚಿನ ಮೇಲೆ ಸದಾ ಕಾಲಿಟ್ಟು ಓಡಿಸಿದರೆ ಬೇರಿಂಗ್ ಬೇಗ ಸವೆಯುತ್ತದೆ. ಜಾಗವಿಲ್ಲದವರು ಕ್ಲಚ್ಚಿನ ಕೆಳಗಾದರೂ ಪಾದ ಜಾರಿಸಿ ಇಡುವಷ್ಟು ಸಂದಿ ಬಿಡುತ್ತಾರೆ. ಅಗಲ ಮೆಟ್ಟಿನ ಶೂ ಬಿಟ್ಟು ತೆಳು ಅಡಿಯ ಕಿರಿದಾದ ಶೂ ಹಾಕುವುದು ಈ ಕಾರುಗಳ ಮಾಲೀಕರಲ್ಲಿ ಸಾಮಾನ್ಯ. ಒಂದೇ ಒತ್ತಿಗೆ ಎರಡು ಪೆಡಲು ಸಿಗುವಷ್ಟು ಹತ್ತಿರವಿರಬಾರದು. ಬ್ರೇಕಿನಿಂದ ಎತ್ತಿದ ಪಾದ ಆಕ್ಸಿಲರೇಟರಿನ ಅಂಚಿಗೆ ಸಿಕ್ಕಿಕೊಳ್ಳಲೂಬಾರದು.

ಇದರ ಜತೆಗೆ ಸ್ಪೋರ್ಟ್ಸ್ ಕಾರಿನವರಿಗೆ ಇನ್ನೊಂದು ಆಸೆ ಇರುತ್ತದೆ. ತಿರುವಿಗೆ ಮುಂಚೆ ಕೆಳ ಗೇರಿಗೆ ಇಳಿಯುವಾಗ ಬಲಪಾದದ ಒಂದು ಭಾಗದಿಂದ ಬ್ರೇಕ್ ಒತ್ತಿಟ್ಟುಕೊಂಡೇ ಇನ್ನೊಂದು ಭಾಗದಿಂದ ಆಕ್ಸಿಲರೇಟರ್ ತಟ್ಟಿ ಇಂಜಿನ್ನಿನ ವೇಗ ಏರಿಸುವುದು. ಹೀಲ್ ಆ್ಯಂಡ್ ಟೋ ಎಂದು ಕರೆಯುವ ಈ ಕುಶಲತೆ ಸಾಧ್ಯವಾಗಬೇಕಾದರೆ, ಬ್ರೇಕ್ ಗಟ್ಟಿಯಾಗಿ ಒತ್ತಿದಾಗ ಅದರ ಮೆಟ್ಟು ಆಕ್ಸಿಲರೇಟರಿನ ಮೆಟ್ಟಿನ ಮಟ್ಟಕ್ಕೆ ಬರಬೇಕು, ಅಥವಾ ತುಸು ಮೇಲಿರಬೇಕು. ಅದಕ್ಕಿಂತ ಕೆಳಗೆ ಹೋದರೆ ಬ್ರೇಕ್ ಒತ್ತುವಾಗ ಆಕ್ಸಿಲರೇಟರೂ ಒತ್ತಿಹೋಗುವ ಭಯ. ಆದ್ದರಿಂದ ಬ್ರೇಕಿನ ಕೆಲಸವೆಲ್ಲ ಮುಗಿದು, ಗಾಳಿ ತೆಗೆದು, ಪೆಡಲ್ ಎಲ್ಲಿ ನಿಲ್ಲುತ್ತದೆಂದು ಖಚಿತವಾದ ಮೇಲೆಯೇ ಆಕ್ಸಿಲರೇಟರಿನ ಎತ್ತರ ಗೊತ್ತುಮಾಡಬೇಕು.

ಆಕ್ಸಿಲರೇಟರಿಗೆ ಬಲ ಬೇಡ, ಸೂಕ್ಷ್ಮತೆ ಬೇಕು. ಹಗುರ ಕಾರಿಗೆ ಬಲವಾದ ಇಂಜಿನ್ ಇಟ್ಟಾಗ ಕೇಬಲಿನ ಮೊದಲ ಕೆಲವು ಮಿಲಿಮೀಟರ್ ಎಳೆತದಲ್ಲೇ ಕಾರು ಚಿಮ್ಮುತ್ತದೆ. ಥ್ರಾಟಲ್ ಬಳಿಯ ಗಾಲಿಯನ್ನು ಪೂರ್ತಿ ವೃತ್ತವಾಗಿ ಮಾಡದೆ ಮೊದಲು ನಿಧಾನ, ಆಮೇಲೆ ಬೇಗ ತೆರೆಯುವ ಆಕಾರ ಕೊಟ್ಟರೆ ಊರೊಳಗಿನ ಓಡಾಟ ಎಷ್ಟೋ ಹದವಾಗುತ್ತದೆ. ಪೆಡಲಿಗೆ ಕೊನೆಯಲ್ಲಿ ಒಂದು ಗಟ್ಟಿ ತಡೆ ಇರಲೇಬೇಕು, ಇಲ್ಲವಾದರೆ ಕಾಲಿನ ಬಲವೆಲ್ಲ ಕೇಬಲನ್ನು ಹಿಗ್ಗಿಸುತ್ತದೆ. ಹಿಂದಕ್ಕೆಳೆಯುವ ಸ್ಪ್ರಿಂಗ್ ಎರಡಿರಬೇಕು, ಒಂದು ಮುರಿದರೂ ಇನ್ನೊಂದು ಥ್ರಾಟಲ್ ಮುಚ್ಚುವಷ್ಟು ಬಲವಿರಬೇಕು. ಈಚಿನ ಇಂಜಿನ್ನುಗಳಲ್ಲಿ ಕೇಬಲೇ ಇಲ್ಲ, ಪೆಡಲಿನಲ್ಲಿರುವ ಸೆನ್ಸರುಗಳು ಕಂಪ್ಯೂಟರಿಗೆ ಸುದ್ದಿ ಕಳಿಸುತ್ತವೆ. ಅಲ್ಲೂ ಎರಡು ಸೆನ್ಸರುಗಳಿದ್ದು, ಅವು ಒಂದಕ್ಕೊಂದು ತಾಳೆಯಾಗದಿದ್ದರೆ ಇಂಜಿನ್ನಿನ ಶಕ್ತಿ ತಾನೇ ಕುಗ್ಗಬೇಕು. ದಾನಿ ಕಾರಿನ ಪೆಡಲನ್ನು ಅದರ ಕಂಪ್ಯೂಟರಿನ ಸಮೇತ ತರುವುದೇ ಇಲ್ಲಿ ಜಾಣತನ.

ಕ್ಲಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಬಲಾದರೆ ಬಾಗು ಸೌಮ್ಯವಾಗಿರಲಿ, ಎಕ್ಸಾಸ್ಟ್ ಕೊಳವೆಯಿಂದ ದೂರವಿರಲಿ. ಪೆಡಲಿಗೂ ಕೊನೆಯ ತಡೆ ಇರಲಿ. ಬಲವಾದ ಕಾಲು ತಡೆಯಿಲ್ಲದ ಪೆಡಲನ್ನು ತುಳಿದು ಕ್ಲಚ್ಚಿನ ಬೆರಳುಗಳನ್ನೇ ಕೆಡಿಸುತ್ತದೆ.

ಸ್ಟೀರಿಂಗ್

ರ‍್ಯಾಕ್ ಮತ್ತು ಪಿನಿಯನ್ ಬಹುಮಟ್ಟಿಗೆ ದಾನಿ ಕಾರಿನಿಂದಲೇ ಬರುತ್ತದೆ. ಹಗುರವಾದ ಮುಂಭಾಗದಿಂದಾಗಿ ಪವರ್ ಸ್ಟೀರಿಂಗ್ ಬೇಕಿಲ್ಲ, ಚಕ್ರವೂ ಸಣ್ಣದಿರಬಹುದು. ಸಾಮಾನ್ಯವಾಗಿ 300ರಿಂದ 350 ಮಿ.ಮೀ. ವ್ಯಾಸದವನ್ನು ಬಳಸುತ್ತಾರೆ. 350ರಿಂದ 300ಕ್ಕೆ ಇಳಿದರೆ ತಿರುಗಿಸುವ ಶ್ರಮ ಶೇ. 17ರಷ್ಟು ಏರುತ್ತದೆ, ಮೊಣಕಾಲಿಗೆ 25 ಮಿ.ಮೀ. ಜಾಗ ಸಿಗುತ್ತದೆ. ಸಣ್ಣ ಚಕ್ರ ಡ್ಯಾಶ್‌ಬೋರ್ಡಿನ ಮೀಟರುಗಳನ್ನು ಮರೆಮಾಡುತ್ತದೆಯೇ ಎಂದೂ ಆಸನದಲ್ಲಿ ಕೂತೇ ನೋಡಬೇಕು.

ರ‍್ಯಾಕಿನಿಂದ ಚಕ್ರದವರೆಗಿನ ದಂಡ ಇಂಜಿನ್ನಿನ ಪಕ್ಕದಲ್ಲಿ ನುಸುಳಿ ಬರಬೇಕು. ಅದು ಒಂದೇ ನೇರ ದಂಡವಾಗಿದ್ದರೆ ಮುಂದಿನಿಂದ ಡಿಕ್ಕಿಯಾದಾಗ ಈಟಿಯಾಗಿ ಚಾಲಕರ ಎದೆಗೆ ಬರುತ್ತದೆ. ಹೀಗಾಗಿ ಎರಡು ಯೂನಿವರ್ಸಲ್ ಜಾಯಿಂಟ್ ಹಾಕಿ ದಾರಿಯನ್ನು ಮುರಿಯುವುದು, ಜತೆಗೆ ಒಂದರೊಳಗೊಂದು ಜಾರಿ ಕುಗ್ಗುವ ಕಂಬ ಬಳಸುವುದು ಕಡ್ಡಾಯವೆಂದೇ ಭಾವಿಸಬೇಕು. ಯೂನಿವರ್ಸಲ್ ಜಾಯಿಂಟಿಗೆ ತನ್ನದೇ ಒಂದು ದೋಷವಿದೆ. 30 ಡಿಗ್ರಿ ಬಾಗಿರುವ ಒಂಟಿ ಜಾಯಿಂಟು ತಿರುಗುವಾಗ ಹೊರಬರುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ ಏರಿಳಿಯುತ್ತದೆ. ಕೈಗೆ ಅದು ಸ್ಟೀರಿಂಗ್ ಒಮ್ಮೆ ಬಿಗಿ ಒಮ್ಮೆ ಸಡಿಲ ಎನಿಸುತ್ತದೆ. ಎರಡು ಜಾಯಿಂಟುಗಳ ಕೋನ ಸಮನಾಗಿದ್ದು, ನಡುವಿನ ದಂಡದ ಎರಡೂ ತುದಿಯ ಕವಲುಗಳು ಒಂದೇ ನೇರಕ್ಕಿದ್ದರೆ, ಮೂರೂ ದಂಡಗಳು ಒಂದೇ ಸಮತಲದಲ್ಲಿರುವ ಜೋಡಣೆಯಲ್ಲಿ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಒಂದು ಹಲ್ಲು ತಪ್ಪಿ ಜೋಡಿಸಿದರೂ ದೋಷ ಉಳಿಯುತ್ತದೆ. ಸ್ಟೀರಿಂಗ್ ದಂಡವನ್ನು ಕತ್ತರಿಸಿ ಮನೆಯಲ್ಲಿ ವೆಲ್ಡ್ ಮಾಡುವುದನ್ನು ಪೂರ್ತಿ ಬಿಟ್ಟುಬಿಡಬೇಕು. ಸರಿಯಾದ ಉದ್ದದ ಸ್ಪ್ಲೈನ್ ದಂಡಗಳನ್ನು ಕೊಂಡು ತರುವುದು ದುಬಾರಿಯಾದರೂ ಇಲ್ಲಿ ಉಳಿತಾಯಕ್ಕೆ ಅರ್ಥವಿಲ್ಲ.

ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳಬೇಕು. ತೂಕ ಕಡಿಮೆಯಿರುವ ಈ ಕಾರುಗಳು ಬ್ರಿಟನ್ನಿನ ತಪಾಸಣೆಯಲ್ಲಿ ಎಡವುವ ಹೆಸರಾಂತ ಜಾಗ ಇದು. ಮುಂದಿನ ಸಸ್ಪೆನ್ಷನ್ನಿನ ಕ್ಯಾಸ್ಟರ್ ಕೋನ ಹೆಚ್ಚಿಸುವುದು, ಕಂಬದ ಬುಷ್ಷುಗಳ ತಿಕ್ಕಾಟ ತಗ್ಗಿಸುವುದು ಇದಕ್ಕೆ ಮದ್ದು.

ಗೇರ್ ಲಿವರ್, ಹ್ಯಾಂಡ್‌ಬ್ರೇಕ್, ಸ್ವಿಚ್ಚುಗಳು

ಮುಂದೆ ಇಂಜಿನ್ ಇರುವ ಕಾರಿನಲ್ಲಿ ಗೇರ್ ಲಿವರ್ ಎಲ್ಲಿ ಮೇಲೆ ಬರುತ್ತದೆ ಎಂಬುದನ್ನು ಗೇರ್‌ಬಾಕ್ಸೇ ಹೇಳುತ್ತದೆ. ಎರಡನೆಯ, ನಾಲ್ಕನೆಯ ಗೇರಿಗೆ ಎಳೆಯುವಾಗ ಮೊಣಕೈ ಹಿಂದಿನ ಗೋಡೆಗೆ ಬಡಿದರೆ ಲಿವರನ್ನು ಮುಂದಕ್ಕೆ ಬಾಗಿಸಿ ಮಾಡಿಸಬೇಕಾಗುತ್ತದೆ. ಲಿವರ್ ಗಿಡ್ಡವಾದಷ್ಟೂ ಚಲನೆ ಕಡಿಮೆ, ಬಲ ಹೆಚ್ಚು. ತೀರ ಗಿಡ್ಡ ಮಾಡಿದವರು ತಣ್ಣಗಿನ ಗೇರೆಣ್ಣೆಯ ದಿನ ಅದರ ಬೆಲೆ ತೆರುತ್ತಾರೆ. ಇಂಜಿನ್ ಹಿಂದಿರುವ ವಿನ್ಯಾಸಗಳಲ್ಲಿ ತಳ್ಳಿ ಎಳೆಯುವ ಎರಡು ಕೇಬಲುಗಳು ಗೇರ್ ಬದಲಿಸುತ್ತವೆ. ಬೈಕಿನ ಇಂಜಿನ್ ಹಾಕಿದವರಿಗೆ ಒಂದೊಂದೇ ಹೆಜ್ಜೆ ಏರಿಳಿಯುವ ಗೇರು ಸಿಗುತ್ತದೆ. ಎಳೆದರೆ ಮೇಲಿನ ಗೇರು, ತಳ್ಳಿದರೆ ಕೆಳಗಿನದು ಎಂಬ ಜೋಡಣೆ ಹೆಚ್ಚು ಸಹಜ, ಬ್ರೇಕ್ ಹಾಕುವಾಗ ಮೈ ಮುಂದಕ್ಕೆ ವಾಲಿರುತ್ತದಲ್ಲ. ಬೈಕಿನ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಇಲ್ಲದ್ದರಿಂದ ಅದನ್ನು ಬೇರೆಯಾಗಿ ಹಾಕಬೇಕು. ಬ್ರಿಟನ್ನಿನ ರಸ್ತೆ ನಿಯಮ 410 ಕಿಲೊ ಮೀರಿದ ವಾಹನಕ್ಕೆ ಅದನ್ನು ಕೇಳುತ್ತದೆ.

ಹ್ಯಾಂಡ್‌ಬ್ರೇಕ್ ಕಾರನ್ನು ಶೇ. 20ರ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕು, ಅದಕ್ಕೆ ಕೈಯ ಎಳೆತ 400 ನ್ಯೂಟನ್ ಮೀರಬಾರದು ಎನ್ನುತ್ತದೆ 13-ಎಚ್ ನಿಯಮ. ಬೆಲ್ಟ್ ಬಿಗಿದು ಕೂತ ಸ್ಥಿತಿಯಲ್ಲೇ ಅದು ಕೈಗೆ ಎಟುಕಬೇಕು.

ಸ್ವಿಚ್ಚುಗಳಲ್ಲಿ ಹಾರ್ನ್, ಇಂಡಿಕೇಟರ್, ಹೆಡ್‌ಲೈಟಿನ ಡಿಪ್ಪರ್ ಮೂರೂ ಚಕ್ರ ಬಿಡದೆ ಬೆರಳಿಗೆ ಸಿಗಬೇಕು. ಹಳೆಯ ಕಾಲದ ಲೋಹದ ಟಾಗಲ್ ಸ್ವಿಚ್ಚುಗಳ ಸಾಲು ನೋಡಲು ಚೆನ್ನ, ಆದರೆ ಕತ್ತಲಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ, ಡಿಕ್ಕಿಯಲ್ಲಿ ಮುಖಕ್ಕೆ ಚುಚ್ಚುತ್ತವೆ. ದಾನಿ ಕಾರಿನ ಸ್ಟೀರಿಂಗ್ ಕಂಬದ ಕಡ್ಡಿ ಸ್ವಿಚ್ಚುಗಳನ್ನೇ ಉಳಿಸಿಕೊಳ್ಳುವುದು ಉತ್ತಮ. ಸೂಚಕ ದೀಪಗಳ ಬಣ್ಣ ಅಂತರರಾಷ್ಟ್ರೀಯ ರೂಢಿಯಂತೆ ಹೈಬೀಮಿಗೆ ನೀಲಿ, ಇಂಡಿಕೇಟರಿಗೆ ಹಸಿರು, ಬ್ರೇಕ್ ದೋಷಕ್ಕೆ ಕೆಂಪು. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಬಹುದಾದ ಮಿತಿ, ವೇಗದ ಹತ್ತನೇ ಒಂದು ಭಾಗಕ್ಕೆ 4 ಕಿ.ಮೀ. ಕೂಡಿಸಿದಷ್ಟು, ಗಂಟೆಗೆ 100 ಕಿ.ಮೀ.ಗೆ 114ರವರೆಗೆ. ಎಲ್ಲ ವಿದ್ಯುತ್ತನ್ನು ಒಮ್ಮೆಲೇ ಕಡಿಯುವ ಮಾಸ್ಟರ್ ಸ್ವಿಚ್ಚನ್ನು ರಸ್ತೆ ಕಾರಿಗೂ ಹಾಕಬೇಕೆಂಬುದು ಒಳ್ಳೆಯ ಸಲಹೆ.

ತಪಾಸಣೆ ಮತ್ತು ಕಾನೂನು

ಬ್ರಿಟನ್ನಿನಲ್ಲಿ ಒಂಟಿ ವಾಹನಗಳ ಅನುಮೋದನೆ ಪರೀಕ್ಷೆ 1998ರಲ್ಲಿ ಎಸ್‌ವಿಎ ಎಂಬ ಹೆಸರಿನಲ್ಲಿ ಆರಂಭವಾಗಿ, 2009ರಲ್ಲಿ ಐವಿಎ ಎಂಬ ಹೆಚ್ಚು ಕಟ್ಟುನಿಟ್ಟಿನ ರೂಪ ತಳೆಯಿತು. ಮನೆಯಲ್ಲಿ ಕಟ್ಟಿದ ಕಾರನ್ನು ಸರ್ಕಾರಿ ಪರೀಕ್ಷಕರ ಮುಂದೆ ಒಯ್ದು ಬ್ರೇಕು, ಸ್ಟೀರಿಂಗು, ಕನ್ನಡಿ, ಹೊಗೆ, ಸದ್ದು ಎಲ್ಲವನ್ನೂ ತೋರಿಸಬೇಕು. ಒಳಾಂಗಣಕ್ಕೆ ಪರೀಕ್ಷಕರು ತರುವುದು ತಲೆಯ ಗಾತ್ರವನ್ನು ಸೂಚಿಸುವ 165 ಮಿ.ಮೀ. ವ್ಯಾಸದ ಗುಂಡು; ಅದು ತಾಗುವ ಕಡೆಯಲ್ಲೆಲ್ಲ ಅಂಚುಗಳು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ಮೊಂಡಾಗಿರಬೇಕು. ಡ್ಯಾಶ್‌ಬೋರ್ಡಿನ ತಳ ಅಂಚು, ಚೂಪು ಮೂತಿಯ ಸ್ವಿಚ್ಚು, ಗೇರ್ ಲಿವರಿನ ಗುಂಡಿ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಇದನ್ನು ಕಿರುಕುಳವೆಂದು ಗೊಣಗುವ ಹವ್ಯಾಸಿಗಳಿದ್ದಾರೆ. ಆದರೆ ಮನೆಕಟ್ಟಿನ ಕಾರುಗಳು ಸುರಕ್ಷಿತವಾಗಿ ರಸ್ತೆಯ ಮೇಲೆ ಉಳಿದು, ಹವ್ಯಾಸವೂ ಬದುಕಿರುವುದು ಇಂಥ ಪರೀಕ್ಷೆಯ ದೆಸೆಯಿಂದಲೇ.

ಭಾರತದಲ್ಲಿ ಸ್ಥಿತಿ ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕರು ತಮ್ಮ ಮಾದರಿಯನ್ನು ಪುಣೆಯ ಎಆರ್‌ಎಐಯಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಈ ವ್ಯವಸ್ಥೆ ಸಾವಿರಗಟ್ಟಲೆ ಕಾರು ಮಾಡುವವರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು, ಶೆಡ್ಡಿನಲ್ಲಿ ಒಂದು ಕಾರು ಕಟ್ಟಿದವರನ್ನಲ್ಲ. ಇರುವ ಕಾರನ್ನು ಮಾರ್ಪಡಿಸುವುದಕ್ಕೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಆದ್ದರಿಂದ ಇಲ್ಲಿ ಈ ವಿದ್ಯೆ ಹೆಚ್ಚಾಗಿ ಬೆಳೆದದ್ದು ಇಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪುಗಳಲ್ಲಿ. ಅಮೆರಿಕದಲ್ಲಿ 1981ರಲ್ಲಿ ಶುರುವಾದ ಫಾರ್ಮುಲಾ ಎಸ್ಎಇಯ ಮಾದರಿಯಲ್ಲಿ ಭಾರತದಲ್ಲೂ ಸುಪ್ರಾ ಎಸ್ಎಇ ಇಂಡಿಯಾ, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ನಡೆಯುತ್ತವೆ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ ಇಂಥ ಸ್ಪರ್ಧೆಗಳಿಗೆ ಕಾರು ಕಟ್ಟುವ ಕರ್ನಾಟಕದ ತಂಡಗಳಲ್ಲಿ ಒಂದು. ಸ್ಟೀರಿಂಗ್ ಚಕ್ರದ ಸಡಿಲು ಒಟ್ಟು 7 ಡಿಗ್ರಿ ಮೀರಬಾರದು, ಚಕ್ರ ಕ್ಷಣದಲ್ಲಿ ಕಳಚಿ ಬರುವಂತಿರಬೇಕು, ಬ್ರೇಕ್ ಪೆಡಲ್ ಮಿತಿ ಮೀರಿ ಒಳಗೆ ಹೋದರೆ ಇಂಜಿನ್ ತಾನೇ ನಿಲ್ಲುವ ಸ್ವಿಚ್ಚಿರಬೇಕು, ಪೂರ್ತಿ ಬೆಲ್ಟ್ ಬಿಗಿದು ಕೂತ ಚಾಲಕರು 5 ಸೆಕೆಂಡಿನಲ್ಲಿ ಹೊರಬರಬೇಕು ಎಂಬ ಫಾರ್ಮುಲಾ ಎಸ್ಎಇಯ ನಿಯಮಗಳು ಯಾರು ಬೇಕಾದರೂ ಓದಬಹುದಾದವು. ಮನೆಯಲ್ಲಿ ಕಾರು ಕಟ್ಟಲು ಹೊರಟ ಕನ್ನಡಿಗರು ಚಾಸಿಯ ನಕ್ಷೆ ಕೈಗೆತ್ತಿಕೊಳ್ಳುವ ಮುಂಚೆ ಆ ನಿಯಮಪುಸ್ತಕವನ್ನೊಮ್ಮೆ ಓದಲಿ, ಸಾಧ್ಯವಾದರೆ ಹತ್ತಿರದ ಕಾಲೇಜು ತಂಡದ ಕಾರಿನಲ್ಲಿ ಅನುಮತಿ ಕೇಳಿ ಕೂತು ನೋಡಲಿ.